ಪಕ್ಕದ ಮನೆಯ ಪಡುವಣ

ನಮ್ಮ ಪಕ್ಕದ ಮನೆಯವಳು ಸತ್ತ ದಿನ ನನಗೆ ಅಳು ಬರಲಿಲ್ಲ. ತಿಪಟೂರಿನ ಕೊಬ್ಬರಿ ಗೋಡೌನಿನ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರು ನಾವು. ಮಧ್ಯಾಹ್ನ ಅಡುಗೆಮನೆಯಲ್ಲಿ ಕುಸಿದವಳು ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟಿದ್ದಳು. ಸುದ್ದಿ ಬಂದಾಗ ನಾನು ಕಾಯಿ ತುರಿಯುತ್ತಿದ್ದೆ. ಇನ್ನೊಂದು ಹೋಳನ್ನೂ ತುರಿದು, ತುರಿಮಣೆ ತೊಳೆದಿಟ್ಟು, ಆಮೇಲೆ ಎದ್ದೆ. ಮನುಷ್ಯಳೇನೇ ನೀನು ಅಂತ ನನ್ನನ್ನು ನಾನೇ ಬೈದುಕೊಂಡೆ. ಅದೂ ನಾಟಲಿಲ್ಲ.

ಅವರು ಮುಸಲ್ಮಾನರು, ಹೆಣವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಹೆಂಗಸಾದರೆ ಹೆಂಗಸರೇ ಮೀಯಿಸಬೇಕು. ಹಿತ್ತಲಿನಲ್ಲಿ ಸುತ್ತಲೂ ಸೀರೆ ಕಟ್ಟಿ, ಎಲಚಿ ಎಲೆ ಹಾಕಿ ಕಾಯಿಸಿದ ನೀರಲ್ಲಿ ಮೀಯಿಸಿದರು. ಕೊನೆಯ ನೀರಿಗೆ ಕರ್ಪೂರ ಬೆರೆಸಿದರು. ಆ ವಾಸನೆಗೂ ನನಗೆ ಅಳು ಬರಲಿಲ್ಲ. ಬಿಳಿ ಬಟ್ಟೆ ಸುತ್ತಿದರು, ಗಂಡಸರು ಹೆಗಲು ಕೊಟ್ಟರು. ಅವರ ಹೆಂಗಸರು ಖಬರಸ್ತಾನಕ್ಕೆ ಹೋಗಲಿಲ್ಲ, ನಾನೂ ಬಾಗಿಲಲ್ಲೇ ಉಳಿದೆ. ಗೋರಿಯೊಳಗೆ ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಮಕ್ಕಾದ ಕಡೆಗೆ, ಅಂದರೆ ನಮ್ಮೂರಿಗೆ ಪಡುವಣಕ್ಕೆ, ತಿರುಗಿಸುತ್ತಾರೆ ಅಂತ ಅವಳೇ ಎಂದೋ ಹೇಳಿದ್ದಳು.

ಅವಳ ಗಂಡ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರು. ಬಿಳಿಗೆರೆ ಕಡೆಯ ತೋಟದವರೆಲ್ಲ ಸುಟ್ಟ ಮೋಟರ್ ಹೊತ್ತುಕೊಂಡು ಅವರ ಅಂಗಡಿಗೇ ಬರುತ್ತಾರೆ. ಬೀದಿಯವರೆಲ್ಲ ಸಾಬ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುವುದು. ಮಕ್ಕಳಾಗಲಿಲ್ಲ. ಮಸೀದಿ ಅಂಗಡಿಗೆ ಹತ್ತಿರ; ಬೆಳಗಿನ ಜಾವದಿಂದ ಹಿಡಿದು ರಾತ್ರಿಯವರೆಗೆ ಐದು ಹೊತ್ತೂ ಅವರ ನಮಾಜ್ ಅಲ್ಲೇ. ಅವಳದು ಮನೆಯಲ್ಲಿ, ಒಳಕೋಣೆಯಲ್ಲಿ. ಮದುವೆಯಾಗಿ ಬಂದ ದಿನವೇ ಸಾಬ್ರು ಆ ಕೋಣೆಯ ಗೋಡೆಗೆ ತಾವೇ ಮೊಳೆ ಹೊಡೆದು, ಮಕ್ಕಾದಲ್ಲಿರುವ ಕಾಬಾದ ಪಟ ತೂಗುಹಾಕಿ, ನಮಾಜಿಗೆ ಇದೇ ದಿಕ್ಕು, ಇಲ್ಲೇ ನಿಂತುಕೋ ಅಂತ ತೋರಿಸಿದ್ದರಂತೆ.

ಮೂರನೆಯ ದಿನ ಕುರಾನ್ ಓದಿಸಿದರು. ತುರುವೇಕೆರೆಯಲ್ಲಿ ಟೈಲರ್ ಆಗಿರುವ ಸಾಬ್ರ ತಮ್ಮ ಬಂದಿದ್ದ. ನಾನು ಊಟ ಕೊಡಲು ಹೋಗಿದ್ದಾಗ ಅವನು ಒಳಕೋಣೆಯಲ್ಲಿ ನಮಾಜಿಗೆ ಚಾಪೆ ಹಾಸುತ್ತಿದ್ದ. ದಿಕ್ಕು ನೋಡಲು ಮೊಬೈಲ್ ತೆಗೆದ. ಮೊಬೈಲ್ ನೋಡಿದ, ಪಟ ನೋಡಿದ, ಹೊರಗೆ ಹೋಗಿ ಬಂದು ಮತ್ತೆ ನೋಡಿದ. ಆಮೇಲೆ ಚಾಪೆಯನ್ನು ಬೀರು ಇರುವ ಮೂಲೆಗೆ ತಿರುಗಿಸಿ ಹಾಸಿದ. ಅಣ್ಣ ಬಾಗಿಲಲ್ಲೇ ಇದ್ದರು. ಈ ಗೋಡೆ ದಿಕ್ಕಲ್ಲ ಅಂತ ತಮ್ಮ ಮೆಲ್ಲಗೆ ಉರ್ದುವಿನಲ್ಲಿ ಹೇಳಿದ. ಅಷ್ಟು ಉರ್ದು ನನಗೂ ಬರುತ್ತದೆ.

ತಪ್ಪು ಆಗಿದ್ದು ಹೀಗೆ. ನಮ್ಮ ಬೀದಿ ಗೋಡೌನ್ ದಾಟಿದ ಮೇಲೆ ಕುಡುಗೋಲಿನ ಹಾಗೆ ಬಾಗುತ್ತದೆ. ಸಾಬ್ರು ದೊಡ್ಡ ರಸ್ತೆಯಲ್ಲಿ ಪಡುವಣ ಗೊತ್ತುಮಾಡಿಕೊಂಡು ಅದೇ ನೇರಕ್ಕೆ ಮನೆಗೆ ಬಂದಿದ್ದರು. ಬೀದಿ ಬಾಗಿದ್ದು ಅವರ ತಲೆಗೆ ಬಂದಿರಲಿಲ್ಲ. ಮಳೆಗಾಲದ ಮೋಡ, ಸುತ್ತ ತೆಂಗಿನ ಮರ, ಹೊತ್ತು ಮುಳುಗುವುದು ಕಂಡಿದ್ದರೆ ತಾನೇ?

ಅವತ್ತು ಸಂಜೆ ಸಾಬ್ರು ಕೇಳಿಕೊಂಡು ನಮ್ಮ ತಾರಸಿಗೆ ಬಂದರು. ಸೂರ್ಯ ಪೂರ್ತಿ ಇಳಿಯುವವರೆಗೂ ನಿಂತು ನೋಡಿದರು. ಸೂರ್ಯ ಅವರ ಬೀರು ಇರುವ ಮೂಲೆಯ ದಿಕ್ಕಿಗೇ ಇಳಿದ.

"ದಿಕ್ಕು ತೋರಿಸ್ದೋನು ನಾನೇ ಅಕ್ಕಾವ್ರೇ" ಅಂದರು. "ಅವಳ ನಮಾಜ್ ಎಲ್ಲಾ ಎಲ್ಲಿಗೋಯ್ತು?"

ಕೈಕಾಲು ಮುಖ ತೊಳೆದಿರಬೇಕು, ನಿಂತ ಜಾಗ ಮಡಿಯಾಗಿರಬೇಕು, ಮುಖ ಕಾಬಾದ ಕಡೆಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ನಮಾಜ್ ಕೂಡುವುದಿಲ್ಲ ಅಂತ ಅವಳು ನನಗೆ ಹೇಳಿಕೊಟ್ಟಿದ್ದಳು. ಹಾಗಾದರೆ ಆ ಮನುಷ್ಯನ ಲೆಕ್ಕದಲ್ಲಿ ಅವನ ಹೆಂಡತಿ ಒಂದು ನಮಾಜೂ ಇಲ್ಲದೆ ಮಣ್ಣು ಸೇರಿದ್ದಳು, ಅದೂ ಅವನ ಕೈಯಿಂದಲೇ. ನಾನು ಬಾಯಿ ಬಿಡಲಿಲ್ಲ.

ಬಿಡಬಹುದಿತ್ತು, ನನಗೆ ಗೊತ್ತಿತ್ತು. ಅವಳು ಬಂದ ಮೊದಲ ಬೇಸಿಗೆಯಲ್ಲಿ ಸಂಡಿಗೆ ಒಣಗಿಸಲು ನಮ್ಮ ತಾರಸಿ ಹತ್ತಿದ್ದಳು. ಸಂಜೆ ಸಂಡಿಗೆ ತೆಗೆಯುವಾಗ ಸೂರ್ಯನನ್ನು ನೋಡಿ ಕೈ ನಿಲ್ಲಿಸಿದಳು. ಯಾವಾಗಲೂ ಅಲ್ಲೇ ಮುಳುಗುತ್ತದಾ ಅಂತ ಕೇಳಿದಳು. ಇನ್ನೆಲ್ಲಿ, ನಿಮ್ಮಪ್ಪನ ಮನೆಯಲ್ಲಾ ಅಂದೆ. ಮಾರನೆಯ ದಿನದಿಂದ ಅವಳ ಚಾಪೆ ಬೀರುವಿನ ಕಡೆಗೆ ತಿರುಗಿತು. ಪಟ ಮಾತ್ರ ಇದ್ದಲ್ಲೇ ಇತ್ತು. ಪಟ ಯಾಕೆ ಬಿಟ್ಟೆ, ಅದನ್ನೂ ಕಿತ್ತು ಅಲ್ಲಿಗೆ ಹಾಕು, ನಿನ್ನ ಗಂಡನಿಗೆ ದಿಕ್ಕೇ ಗೊತ್ತಿಲ್ಲ ಅಂತ ಬೀದಿಗೆಲ್ಲ ಸಾರಿಕೊಂಡು ಬತ್ತೀನಿ ಅಂತ ಛೇಡಿಸಿದ್ದೆ.

"ಅವರಿಗೆ ಹೇಳ್ಬ್ಯಾಡಿ ಕಣಕ್ಕ" ಅಂದಿದ್ದಳು. "ಅಷ್ಟು ಆಸೆಯಿಂದ ಮೊಳೆ ಹೊಡ್ದವ್ರೆ. ಇರ್ಲಿ ಬುಡಿ."

ಇದ್ದುಬಿಟ್ಟಿತು. ಅವಳು ಬದುಕಿದ್ದಾಗ ಅದು ಒಂದು ತಮಾಷೆ. ಈಗ ಹೇಳಿದರೆ ಹೆಂಡತಿ ಜೀವಮಾನವೆಲ್ಲ ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದಳು ಅಂತ ಹೇಳಿದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯೋಚನೆ ಮಾಡುವ ಶಕ್ತಿಯೂ ನನಗಿರಲಿಲ್ಲ. ಎದ್ದರೆ ಎದ್ದೆ, ಕೂತರೆ ಕೂತೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಮನೆಯವರನ್ನು ಕೇಳಬೇಕಾಗುತ್ತಿತ್ತು.

ಸಾಬ್ರು ಮಸೀದಿಯಲ್ಲಿ ನಮಾಜ್ ಮಾಡಿಸುವ ಹಜ್ರತ್‌ರ ಹತ್ತಿರ ಹೋದರು. ಅವರು ಸಮಾಧಾನ ಹೇಳಿ ಹಳೆಯ ಕಾಲದ ಒಂದು ಸಂಗತಿ ತಿಳಿಸಿದರಂತೆ. ಪೈಗಂಬರರು ಮಕ್ಕಾ ಬಿಟ್ಟು ಮದೀನಾಕ್ಕೆ ಬಂದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲರೂ ಜೆರುಸಲೇಮಿನ ಕಡೆ ಮುಖ ಮಾಡಿಯೇ ನಮಾಜ್ ಮಾಡುತ್ತಿದ್ದರು. ಆಮೇಲೆ ಕಾಬಾದ ಕಡೆ ತಿರುಗಬೇಕೆಂದು ಅಪ್ಪಣೆಯಾಯಿತು. ಒಂದು ಕಡೆ ನಮಾಜ್ ನಡೆಯುತ್ತಿರುವಾಗಲೇ ಸುದ್ದಿ ಮುಟ್ಟಿ, ನಿಂತವರು ಸಾಲುಸಾಲಾಗಿ ಹಾಗೇ ತಿರುಗಿಕೊಂಡರು. ಅಷ್ಟರೊಳಗೆ ಸತ್ತುಹೋದವರ ಗತಿಯೇನು, ಅವರು ಹಳೆಯ ದಿಕ್ಕಿಗೇ ಮಾಡಿದ್ದರಲ್ಲ ಅಂತ ಜನಕ್ಕೆ ಸಂಕಟ ಹತ್ತಿತು. ಅವರ ನಂಬಿಕೆಯನ್ನು ದೇವರು ವ್ಯರ್ಥ ಮಾಡುವುದಿಲ್ಲ ಅಂತ ಉತ್ತರ ಬಂತು. ಗೊತ್ತಿಲ್ಲದೆ, ತಿಳಿದಷ್ಟು ಹುಡುಕಿ ನಿಂತವರ ನಮಾಜ್‌ಗೆ ಮೋಸವಿಲ್ಲ, ಮನೆಗೆ ಹೋಗಿ ಊಟ ಮಾಡು ಅಂದರಂತೆ ಹಜ್ರತ್‌ರು.

ಸಾಬ್ರು ಊಟ ಮಾಡಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದು ಬೇಡ ಅಂತ ನಾನೇ ದಿನಾ ಕ್ಯಾರಿಯರ್ ಕಳಿಸುತ್ತಿದ್ದೆ. ಮುಟ್ಟದೆ ಹಾಗೇ ವಾಪಸ್ ಬರುತ್ತಿತ್ತು. ಆ ದಿನ ತಾವೇ ತಂದುಕೊಟ್ಟರು. ಮುಚ್ಚಳ ತೆಗೆದರೆ ಮುದ್ದೆ ಇಟ್ಟ ಹಾಗೇ ಇದೆ. ಅವಳು ಸತ್ತ ದಿನದಿಂದ ಬರದಿದ್ದ ಅಳುವೆಲ್ಲ ಆಗ ನನಗೆ ಸಿಟ್ಟಾಗಿ ಬಂತು. ನಾಯಿಗೆ ಹಾಕೋದಕ್ಕೆ ಬೇಯಿಸಿದೆನಾ, ಹಜ್ರತ್‌ರು ಅಷ್ಟು ಹೇಳಿದರೂ ಸಾಲದಾ ಅಂತ ಬಾಗಿಲಲ್ಲೇ ರೇಗಿದೆ.

ಅವರು ತಲೆ ಎತ್ತಲಿಲ್ಲ. "ಅವರೆಲ್ಲ ಪೈಗಂಬರ್ ಹೇಳಿದ ಕಡೆ ತಿರುಗಿದ್ರು ಅಕ್ಕಾವ್ರೇ. ಇವಳು ನಾನು ಹೇಳಿದ ಕಡೆ ತಿರುಗಿದ್ಲು. ಎರಡೂ ಒಂದೇನಾ?"

"ತಿರುಗಲಿಲ್ಲ ಕಣ್ರೀ" ಅಂದುಬಿಟ್ಟೆ. "ನೀವು ಹೇಳಿದ ಕಡೆ ಅವಳು ತಿರುಗಲೇ ಇಲ್ಲ."

ತಾರಸಿಯದು, ಚಾಪೆಯದು, ಹೇಳಬೇಡಿ ಅಂದಿದ್ದು, ಎಲ್ಲ ಹೇಳಿದೆ. ಸಾಯಂಕಾಲ ಮೊಸರಿಗೆ ಹೆಪ್ಪು ಕೇಳಲು ಹೋದಾಗ ಅವಳು ನಮಾಜಿನಲ್ಲಿದ್ದರೆ ಹೊಸಿಲ ಮೇಲೆ ಕೂತು ಕಾಯುತ್ತಿದ್ದೆ. ಎಷ್ಟು ಸಲ ನೋಡಿದ್ದೇನೋ. ಮುಖ ಯಾವತ್ತೂ ಬೀರುವಿನ ಕಡೆಗೇ.

ಸಾಬ್ರು ಜಗುಲಿಯ ಮೇಲೆ ಕೂತರು. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ. ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ಎಂದಿನಿಂದ ಅಂತ ಕೇಳಿದರು. ಬಂದ ವರ್ಷದಿಂದಲೇ ಅಂದೆ.

ಆಮೇಲೆ ಅವರೇ ಹೇಳಿದರು. "ಇಷ್ಟು ವರ್ಷದಲ್ಲಿ ಅವಳು ನಮಾಜ್ ಮಾಡೋದನ್ನ ನಾನು ಒಂದಿನಾನೂ ನೋಡಿಲ್ವಲ್ಲ ಅಕ್ಕಾವ್ರೇ. ನೋಡಿದ್ರೆ ಗೊತ್ತಾಗ್ತಿತ್ತು."

ನಿಜವೇ ತಾನೆ? ಬಾಂಗ್ ಕೂಗಿದ ಹೊತ್ತಿಗೆ ಅವರು ಮಸೀದಿಯಲ್ಲಿ, ಅವಳು ಒಳಕೋಣೆಯಲ್ಲಿ. ದಿನಕ್ಕೆ ಐದು ಸಲ ಇಬ್ಬರೂ ಒಂದೇ ಕೆಲಸ ಮಾಡುತ್ತಾ, ಒಬ್ಬರಿಗೊಬ್ಬರು ಕಾಣದೆ ಬಾಳಿದ್ದರು.

"ಹೆಂಗೆ ನಿಲ್ತಿದ್ಲು? ಒಂದ್ಸಲ ತೋರ್ಸಿ" ಅಂದರು.

ನಾನು ತೋರಿಸಬಹುದೋ ಬಾರದೋ ಅಂತ ಅವರಾಗಲಿ ನಾನಾಗಲಿ ಕೇಳಿಕೊಳ್ಳಲಿಲ್ಲ. ಅವರ ಹಿಂದೆ ಹೋದೆ. ಒಳಕೋಣೆಯ ನೆಲ ತಣ್ಣಗಿತ್ತು. ಅವಳು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೀರುವಿನ ಕಡೆ ತಿರುಗಿದೆ. ಎದೆಯ ಮೇಲೆ ಎಡಗೈ, ಅದರ ಮೇಲೆ ಬಲಗೈ. ಕಣ್ಣು ಕೆಳಗೆ. ಅವಳು ಹೇಳುತ್ತಿದ್ದ ಮಾತುಗಳು ನನಗೆ ಬರುವುದಿಲ್ಲ, ಸುಮ್ಮನೆ ನಿಂತೆ. ಹಿಂದೆ ಬಾಗಿಲಲ್ಲಿ ಅವರ ಉಸಿರು ಬಿಗಿದು, ಆಮೇಲೆ ಅಳುವಾಯಿತು. ನನಗೂ ಬಂತು. ಕೈ ಯಾವಾಗ ಇಳಿಸಬೇಕೋ ನನಗೆ ಗೊತ್ತಿರಲಿಲ್ಲ. ಅವರೂ ಸಾಕು ಅನ್ನಲಿಲ್ಲ.