ಕೊನೆಯ ಸಾಲಿನ ಕುರ್ಚಿ

ಆ ಸಭಾಂಗಣದ ಸ್ಪೀಕರುಗಳನ್ನು ಇಪ್ಪತ್ತೆಂಟು ವರ್ಷದಿಂದ ನೋಡಿಕೊಂಡು ಬಂದವನನ್ನು ಅಲ್ಲಿಯವರೆಲ್ಲ ನಾಬ್ ಮಾಮ ಎನ್ನುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವನ ಹೆಂಡತಿಗೆ ಮೈ ಉರಿಯುತ್ತಿತ್ತು. ಅವನಿಗೋ, ಅದೇ ಬಿರುದು.

ವೇದಿಕೆಯ ಪಕ್ಕದ ಕಿರುಕೋಣೆಯಲ್ಲಿ ಮೂರು ಆಂಪ್ಲಿಫೈಯರುಗಳು ಒಂದರ ಮೇಲೊಂದು ಕೂತಿದ್ದವು. ಕೆಳಗಿನದು ದಪ್ಪ ದನಿಗೆ, ನಡುವಿನದು ಮಾತಿನ ಮೈಗೆ, ಮೇಲಿನದು ಚೂಪು ದನಿಗೆ. ಮೇಲಿನದರ ಸ್ಪೀಕರಿಗೆ ಒಂದಿಷ್ಟು ಪವರ್ ಕೊಟ್ಟರೂ ಸಾಕು, ಕೂಗಿಬಿಡುತ್ತದೆ. ಸದ್ದು ಏರಿಸಿ ಇಳಿಸುವ ಮೂರು ನಾಬನ್ನೂ ಒಂದೇ ಅಂಕಿಗೆ ತಿರುಗಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ಅವನು ಬಿಡುತ್ತಿರಲಿಲ್ಲ. "ಮನೇಲಿ ಮೂರು ಮಕ್ಕಳಿಗೂ ಒಂದೇ ಅಳತೆ ಚಪ್ಪಲಿ ತರ್ತೀರಾ?" ಎಂದು ಕೇಳುತ್ತಿದ್ದ.

ಅವನ ಪದ್ಧತಿಯೇ ಬೇರೆ. ಕೊನೆಯ ಸಾಲಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುವುದು, ಎದ್ದುಹೋಗಿ ನಾಬನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಬಂದು ಕೂರುವುದು. ಮನಸ್ಸು ಒಪ್ಪಿದ ಜಾಗದಲ್ಲಿ ಉಗುರುಬಣ್ಣದ ಒಂದು ಚುಕ್ಕೆ. "ನನ್ನ ಉಗುರಿಗಿಂತ ನಿಮ್ಮ ಡಬ್ಬಗಳಿಗೇ ಜಾಸ್ತಿ ಹಚ್ಚಿದ್ದೀರಿ" ಎಂದು ಹೆಂಡತಿ ಗೊಣಗುತ್ತಿದ್ದಳು.

ಈಚೆಗೆ ಅವನಿಗೆ ಮಾತೆಲ್ಲ ಮಬ್ಬಾಗಿ ಕೇಳತೊಡಗಿತ್ತು. ಸ್ಪೀಕರು ಹಳೆಯದಾಯಿತೆಂದು ಮೇಲಿನ ನಾಬನ್ನು ಸ್ವಲ್ಪಸ್ವಲ್ಪವೇ ಏರಿಸಿದ. ಚುಕ್ಕೆಗಳು ಇರುವೆ ಸಾಲಿನಂತೆ ಮೇಲಕ್ಕೆ ಹೊರಟವು. ಅವುಗಳ ಜೊತೆಗೆ ದೂರುಗಳೂ ಏರಿದವು: ಕಿವಿಗೆ ಚುಚ್ಚುತ್ತೆ, ತಲೆನೋವು ಬರುತ್ತೆ. ಕೊನೆಗೆ ಮ್ಯಾನೇಜರಮ್ಮ ಅವನನ್ನು ಕರೆದು, "ಬೇಜಾರು ಮಾಡ್ಕೋಬೇಡಿ. ಶನಿವಾರದ ಭಾಷಣಕ್ಕೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು. ಅವನಿಗೆ ಎರಡು ದಿನ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಮರೆತುಬಂದ ಕನ್ನಡಕ ಹಿಡಿದು ಹೆಂಡತಿ ಬಂದಳು. ಸಭಾಂಗಣ ಖಾಲಿ; ಪರೀಕ್ಷೆಗೆಂದು ಅವನು ಆಂಪ್ಲಿಫೈಯರುಗಳನ್ನು ಹಾಕಿಟ್ಟಿದ್ದ. ದಣಿವಾರಿಸಿಕೊಳ್ಳಲು ಕೊನೆಯ ಸಾಲಿನಲ್ಲಿ ಕೂತವಳು ಹೇಳಿದಳು, "ರೀ, ಎಲ್ಲೋ ನಲ್ಲಿ ಬಿಟ್ಟಿದ್ದೀರಲ್ಲ. ಸುಯ್ ಅಂತ ನೀರು ಹೋಗ್ತಿದೆ."

ಅವನು ಹೋಗಿ ಎಲ್ಲ ನಲ್ಲಿಗಳನ್ನೂ ನೋಡಿಬಂದ. ಒಂದೂ ಸೋರುತ್ತಿರಲಿಲ್ಲ. ಅವಳು ಎದ್ದು ಆ ಸದ್ದಿನ ಜಾಡು ಹಿಡಿದು ಹೊರಟವಳು ಸ್ಪೀಕರಿನ ಮುಂದೆ ನಿಂತಳು. "ಇಲ್ಲಿಂದ ಬರ್ತಿದೆ. ನಿಮಗೆ ಕೇಳಿಸ್ತಿಲ್ವಾ?"

ಅವನಿಗೆ ಕೇಳಿಸುತ್ತಿರಲಿಲ್ಲ. ಕಿರುಕೋಣೆಗೆ ಹೋಗಿ ಮೇಲಿನ ನಾಬನ್ನು ಇಳಿಸಿದ. "ಈಗ?" "ಕಡಿಮೆ ಆಯ್ತು." ಇನ್ನಷ್ಟು ಇಳಿಸಿದ. "ಹಾಂ, ನಿಂತಿತು."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಹಳೆಯದಾದದ್ದು ಸ್ಪೀಕರಲ್ಲ. "ಕಿವಿ ಹೋಯ್ತು ಕಣೇ. ಇನ್ನೇನು ಉಳೀತು ನನ್ನ ಹತ್ರ?" ಎಂದ. ಅವಳು ಒಳಗೆ ಬಂದು ಕನ್ನಡಕವನ್ನು ಅವನ ಮೂಗಿನ ಮೇಲೆ ಕೂರಿಸುತ್ತಾ, "ಕಣ್ಣಿಗೆ ಇದನ್ನ ಹಾಕ್ಕೊಳ್ಳೋಕೆ ನಾಚಿಕೆ ಇಲ್ಲ, ಕಿವಿಗೇನಂತೆ? ಸೋಮವಾರ ಡಾಕ್ಟರ ಹತ್ರ ಹೋಗೋಣ. ಈಗ ಏಳಿ. ನಾನು ಕೇಳ್ತೀನಿ, ನೀವು ತಿರುಗಿಸಿ" ಎಂದಳು.

ಅವನು ಹಳೆಯದೊಂದು ಭಾಷಣದ ರೆಕಾರ್ಡ್ ಹಾಕಿದ. ಕೊನೆಯ ಸಾಲಿನಿಂದ ಅವಳು ಕೈ ಎತ್ತಿದರೆ ಏರಿಸುವುದು, ಇಳಿಸಿದರೆ ಇಳಿಸುವುದು. ಅರ್ಧ ಗಂಟೆ ಹೀಗೇ ನಡೆಯಿತು. ಅವಳು ಸಾಕೆಂದು ತಲೆಯಾಡಿಸಿದಾಗ ಅವನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಮೇಲಿನ ನಾಬು ಎಲ್ಲಕ್ಕಿಂತ ಕೆಳಗಿನ ಚುಕ್ಕೆಯ ಮೇಲೆ ನಿಂತಿತ್ತು. ಆಂಪ್ಲಿಫೈಯರು ಬಂದ ದಿನ, ಕಿವಿ ಚುರುಕಾಗಿದ್ದಾಗ, ಅವನೇ ಇಟ್ಟ ಮೊದಲ ಚುಕ್ಕೆ ಅದು.

ಸಂಜೆ ಭಾಷಣ ಮುಗಿಯುವವರೆಗೂ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಮ್ಯಾನೇಜರಮ್ಮ ಬಂದು, "ಏನು ಬದಲಾಯಿಸಿದ್ರಿ?" ಎಂದು ಕೇಳಿದರು. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು.

"ಕಿವಿ, ಮೇಡಂ. ನನ್ನದಕ್ಕೆ ವಯಸ್ಸಾಗಿದೆ. ಇವತ್ತು ಕೊನೇ ಸಾಲಲ್ಲಿ ಕೂತು ಕೇಳಿದ್ದು ಇವಳು" ಎಂದ ಅವನು, ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ.

ಮ್ಯಾನೇಜರಮ್ಮ ಇಬ್ಬರನ್ನೂ ನೋಡಿದರು. "ಹಾಗಾದ್ರೆ ಮುಂದಿನ ಶನಿವಾರನೂ ಇಬ್ಬರೂ ಬನ್ನಿ. ಆ ಕುರ್ಚೀಲಿ ಬೇರೆ ಯಾರನ್ನೂ ಕೂರಿಸೋದಿಲ್ಲ."

ಹೊರಡುವ ಮುಂಚೆ ಅವನು ಮೇಲೇರಿದ್ದ ಚುಕ್ಕೆಗಳನ್ನೆಲ್ಲ ಉಜ್ಜಿ ಅಳಿಸಿ, ಮೊದಲನೆಯದನ್ನು ಮಾತ್ರ ಉಳಿಸಿದ. ಅವಳು ಉಗುರುಬಣ್ಣದ ಬಾಟಲಿಯನ್ನು ಅವನ ಪೆಟ್ಟಿಗೆಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.