ಹುಣಸೆಹಣ್ಣು ಹಾಕಿ ತೊಳೆದ ಪಂಪು

ಕಾರ್ತಿಕದ ಒಂದು ಸೋಮವಾರ, ದೇವರ ಮುಂದೆ ದೀಪ ಹಚ್ಚಿಟ್ಟು, ಅಕ್ಕೋಳದಿಂದ ನಿಪ್ಪಾಣಿಯ ಬಸ್ಸು ಹತ್ತಿದೆ. ಹೋಗಬೇಕಾದದ್ದು ಕಾಗವಾಡಕ್ಕೆ, ನನ್ನ ತಂಗಿ ಸುಮಿತ್ರಾಳ ಮನೆಗೆ. ಹಿಂದಿನ ದಿನ ಅವಳು ಫೋನಿನಲ್ಲಿ ಅತ್ತಿದ್ದಳು. ದ್ರಾಕ್ಷಿ ಬಳ್ಳಿಯ ಎಲೆಗಳೆಲ್ಲ ಬೀಸಣಿಗೆಯ ಹಾಗೆ ಮಡಚಿಕೊಂಡಿವೆ, ಹೂವು ಉದುರುತ್ತಿದೆ ಎಂದಿದ್ದಳು. ಅದು ಹೊಸ ತೋಟ, ಇದೇ ಮೊದಲ ಫಸಲು. ಮೊದಲ ಗೊಂಚಲು ಚಿಂಚಲಿಯ ದೇವಿ ಮಾಯಕ್ಕನಿಗೆ ಎಂದು ಅವಳು ಬೇಡಿಕೊಂಡಿದ್ದಳು.

ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಸೀರೆ ಇಟ್ಟುಕೊಂಡಿದ್ದೆ. ಜೊತೆಗೆ ಮುಚ್ಚಳವಿರುವ ಸಣ್ಣ ತಾಮ್ರದ ತಂಬಿಗೆ. ಚಿಂಚಲಿಗೆ ಹೋದಾಗಲೆಲ್ಲ ಮೊಮ್ಮಗಳಿಗೆ ಅದರಲ್ಲಿ ತೀರ್ಥ ತರುವುದು ನನ್ನ ಪದ್ಧತಿ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ನಿಪ್ಪಾಣಿಯಲ್ಲಿ ಚಿಕ್ಕೋಡಿ ಬಸ್ಸು ತಕ್ಷಣ ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಇಷ್ಟಕ್ಕೆ ದೇವರಿಗೆ ಕೈ ಮುಗಿದೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ರಾಯಬಾಗ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ಅಲ್ಲಿಂದ ನನ್ನ ಪಕ್ಕದಲ್ಲಿ ದಿಗ್ಗೇವಾಡಿಯ ಒಬ್ಬ ಹೆಂಗಸು ಕೂತಳು, ಮಡಿಲಲ್ಲಿ ಖಾಲಿ ಬುಟ್ಟಿ. ಮೊದಲು ಹೊಲದ ಬದುವಿನಲ್ಲಿ ತಾನೇ ಬೆಳೆಯುವ ಹತ್ತರಕಿ, ಕಿರಕಸಾಲಿ ಸೊಪ್ಪು ಕಿತ್ತು ಮಾರುತ್ತಿದ್ದಳಂತೆ. ನನಗೂ ಬಾಯಲ್ಲಿ ನೀರೂರಿತು, ಈಗ ಇಲ್ಲವೇ ಎಂದು ಕೇಳಿದೆ.

"ಎಲ್ಲೀದರಿ ಅಕ್ಕಾರ? ಕಳೇಕ್ಕ ಎಣ್ಣಿ ಹೊಡದು ಬದುವು ಬೋಳ ಮಾಡ್ಯಾರ. ಈಗ ನಾನಽ ಪ್ಯಾಟ್ಯಾಗ ಪಲ್ಯಾ ಕೊಂಡು ತಿಂತೀನಿ," ಎಂದು ನಕ್ಕಳು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಎಲ್ಲ ಔಷಧಕ್ಕೂ ಎಣ್ಣಿ ಅಂತಲೇ ಅನ್ನುತ್ತಾರೆ. ಇಳಿಯುವಾಗ ಅವಳು ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡಳು, ಬಿಸಿಲಿಗಾದರೂ ಆಯಿತು ಅಂತ.

ಚಿಂಚಲಿಯ ದಾರಿ ಬಂದಾಗ ಕಿಟಕಿಯಿಂದಲೇ ಕೈ ಮುಗಿದು, ಬರುವಾಗ ಇಳಿಯುತ್ತೇನೆ ತಾಯಿ ಎಂದೆ. ಕುಡಚಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ಒಂದು ನಾಣ್ಯ ಹಾಕಿದೆ. ಉಗಾರದ ಮೇಲೆ ಹಾಯ್ದು ಕಾಗವಾಡದಲ್ಲಿ ಇಳಿದಾಗ ಮಧ್ಯಾಹ್ನ ಇಳಿದಿತ್ತು.

ಸುಮಿತ್ರಾ ನನ್ನನ್ನು ನೇರ ತೋಟಕ್ಕೇ ಕರೆದುಕೊಂಡು ಹೋದಳು. ತೋಟದ ಮೂರು ಕಡೆ ಕಬ್ಬು, ಒಂದು ಕಡೆ ಮನೆ. ಬಳ್ಳಿಯ ತುದಿಗಳು ಹುರಿ ಹಾಕಿದ ಹಾಗೆ ತಿರುಚಿದ್ದವು. ಹೊಸ ಎಲೆಗಳಲ್ಲಿ ನರಗಳೆಲ್ಲ ಒತ್ತೊತ್ತಾಗಿ ಬಾಚಣಿಗೆಯ ಹಲ್ಲಿನಂತೆ ಕಾಣುತ್ತಿದ್ದವು. ಹೂಗೊಂಚಲು ಮುಟ್ಟಿದರೆ ಪುಡಿಯಾಗಿ ಅಂಗೈಗೆ ಬಿತ್ತು. ಹೂ ಬಿಡುವ ತೋಟದಲ್ಲಿ ಒಂದು ಜೇನ್ನೊಣದ ಸದ್ದೂ ಇರಲಿಲ್ಲ.

ಔಷಧದ ಅಂಗಡಿಯವರು ಬಂದು ನೋಡಿ ಹೋಗಿದ್ದರಂತೆ. ಇದು ರೋಗವಲ್ಲ, ಕಬ್ಬಿನ ಕಳೆನಾಶಕ ತಾಗಿದೆ ಎಂದರಂತೆ. ಕಬ್ಬು ಹುಲ್ಲಿನ ಜಾತಿ, ಅದು ತಡೆದುಕೊಳ್ಳುತ್ತದೆ. ಅಗಲ ಎಲೆಯ ಗಿಡಕ್ಕೆ ಬಿದ್ದರೆ ಅದಕ್ಕೆ ಬೆಳೆಯುವ ಹುಚ್ಚೇ ಹಿಡಿಯುತ್ತದೆ. ಅಳತೆ ತಪ್ಪಿ ಬೆಳೆದು, ಒಳಗಿನ ನೀರಿನ ದಾರಿಗಳು ಮುಚ್ಚಿಹೋಗಿ ಸಾಯುತ್ತದೆ. ಗಾಳಿಯಲ್ಲಿ ತೇಲಿ ಬಂದದ್ದಷ್ಟೇ ಸಾಕು. ಕತ್ತರಿಸಿ ನೋಡಿ, ಮುಂದಿನ ಚಿಗುರು ನೆಟ್ಟಗೆ ಬಂದರೆ ಬಂತು ಎಂದು ಹೇಳಿ ಹೋಗಿದ್ದರು.

ಸುಮಿತ್ರಾಳ ಗಂಡ ಅಪ್ಪಾಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು. ಅವರ ಸಿಟ್ಟೆಲ್ಲ ಪಕ್ಕದ ಹೊಲದ ತಾತ್ಯಾನ ಮೇಲೆ. ತಾತ್ಯಾ ವಯಸ್ಸಾದವರು, ಬೇಸಿಗೆಯಲ್ಲಿ ಈ ತೋಟಕ್ಕೆ ನೀರು ಬರುವುದು ಅವರ ಬಾವಿಯಿಂದಲೇ. ಅದೇ ವಾರ ತಾತ್ಯಾ ತಮ್ಮ ಕಬ್ಬಿಗೆ ಕಳೆನಾಶಕ ಹೊಡೆದಿದ್ದರು. ಇವರೂ ತಮ್ಮ ಕಬ್ಬಿಗೆ ಹೊಡೆದಿದ್ದರು, ಆದರೆ ಗಾಳಿ ಇಲ್ಲದ ದಿನ ನೋಡಿ, ದ್ರಾಕ್ಷಿಯ ಹತ್ತಿರದ ಸಾಲು ಬಿಟ್ಟು. ಆದ್ದರಿಂದ ತಪ್ಪು ತಾತ್ಯಾನದೇ. ಸಂಜೆ ಕರೆಸಿದ್ದೇನೆ, ಇವತ್ತಿಗೆ ಮಾತು ತೀರಿತು, ಬಾವಿಯೂ ಬೇಡ ನೀರೂ ಬೇಡ ಎಂದರು. ನೀರಿಲ್ಲದೆ ಬೇಸಿಗೆಯಲ್ಲಿ ಉಳಿದ ಬಳ್ಳಿಯೂ ಉಳಿಯುವುದಿಲ್ಲ ಎಂಬುದು ಸುಮಿತ್ರಾಳಿಗೂ ನನಗೂ ಗೊತ್ತಿತ್ತು.

ಕೈಕಾಲು ತೊಳೆದು ದೇವರಿಗೆ ಹೂ ತರೋಣವೆಂದು ಮನೆಯ ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ದಾಸವಾಳದ ಗಿಡವಿತ್ತು. ಒಂದು ಹೂವಿಲ್ಲ. ತುದಿ ತಿರುಚಿತ್ತು, ಎಲೆ ಬೀಸಣಿಗೆಯಾಗಿತ್ತು. ತಾತ್ಯಾನ ಹೊಲ ತೋಟದ ಆಚೆ, ನಡುವೆ ಇಡೀ ಮನೆ. ಮನೆಯ ಮುಂದಿನ ತುಳಸಿ ಚೆನ್ನಾಗಿತ್ತು. ಕಲ್ಲಿನ ನೀರು ಹರಿದು ಹೋಗುವ ಕಡೆಯ ಗಿಡಗಳು ಮಾತ್ರ ಕೆಟ್ಟಿದ್ದವು.

ಸುಮಿತ್ರಾಳನ್ನು ಕರೆದು, ಇಲ್ಲಿ ಏನು ತೊಳೆದಿದ್ದೆ ಎಂದು ಕೇಳಿದೆ. ಅವಳು ಗಿಡ ನೋಡಿದಳು, ನನ್ನ ಮುಖ ನೋಡಿದಳು.

ಕಬ್ಬಿಗೆ ಕಳೆನಾಶಕ ಹೊಡೆದ ಬೆನ್ನಿನ ಪಂಪನ್ನು ಗಂಡ ಅಲ್ಲಿ ತಂದಿಟ್ಟಿದ್ದರು. ಮರುದಿನ ದ್ರಾಕ್ಷಿಗೆ ಮಂಜಿಗೆ ಬರುವ ಬೂಜು ರೋಗದ ಔಷಧ ಹೊಡೆಯಬೇಕಿತ್ತು, ಹೊಡೆದದ್ದೂ ಅದೇ ಪಂಪಿನಿಂದ. ಮನೆಯಲ್ಲಿರುವುದು ಒಂದೇ. ಮಾಯಕ್ಕನಿಗೆ ಹೋಗುವ ಹಣ್ಣು ಎಂದು ಇವಳೇ ಕೂತು ತೊಳೆದಿದ್ದಳು. ಮೂರು ಸಲ ಸಾಬೂನು ನೀರು, ಹಿತ್ತಾಳೆಯ ನಳಿಗೆಗೆ ಹುಣಸೆಹಣ್ಣು, ದೇವರ ಪಾತ್ರೆಗೆ ಹಾಕುವ ಹಾಗೆ.

"ಮೂರನೇ ನೀರು ಅಗದಿ ತಿಳಿ ಇತ್ತ ಅಕ್ಕಾ. ಕುಡಿಬಹುದಿತ್ತ, ಅಷ್ಟ ತಿಳಿ," ಎಂದಳು. ಆಮೇಲೆ, "ಯಾರಿಗೂ ಹೇಳಬ್ಯಾಡ," ಎಂದಳು.

ನಾನು ದೇವರ ಮನೆಗೆ ಹೋಗಿ ಹೂವಿಲ್ಲದೆ ದೀಪ ಹಚ್ಚಿದೆ. ಒಡಹುಟ್ಟಿದವಳ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ. ಅತ್ತ ಆ ವಯಸ್ಸಾದವರು ಮಾಡದ ತಪ್ಪಿಗೆ ಮಾತು ಕೇಳಬೇಕು.

ತಾತ್ಯಾ ಬಂದರು. ಅಪ್ಪಾಸಾಹೇಬರು ಕೂರಲೂ ಹೇಳಲಿಲ್ಲ. ಮಾತು ಏರಿತು. "ಗಾಳಿ ನಿನ್ನ ಕೈಯಾಗ ಇಲ್ಲ, ನನ್ನ ಕೈಯಾಗೂ ಇಲ್ಲೋ. ಬಾಂವೀ ಮ್ಯಾಲ ಸಿಟ್ಟ ತಗೀಬ್ಯಾಡ, ಅದು ಏನ್ ಮಾಡೇತಿ?" ಎನ್ನುತ್ತಿದ್ದರು ತಾತ್ಯಾ. ಆಗ ಸುಮಿತ್ರಾ ಒಳಗಿನಿಂದ ಬಂದಳು. ಕೈಯಲ್ಲಿ ದಾಸವಾಳದ ಟೊಂಗೆ. ಅದನ್ನು ಇಬ್ಬರ ನಡುವೆ ಕಟ್ಟೆಯ ಮೇಲೆ ಇಟ್ಟಳು.

"ಹಿತ್ತಲದಾಗಿಂದರಿ. ಪಂಪ್ ನಾನಽ ತೊಳದಿದ್ನಿ."

ಅಪ್ಪಾಸಾಹೇಬರು ಟೊಂಗೆಯನ್ನು ಬಹಳ ಹೊತ್ತು ತಿರುವಿ ನೋಡಿದರು. ಔಷಧ ಪಂಪಿನ ರಬ್ಬರಿನೊಳಗೆ ಕೂತುಬಿಡುತ್ತದೆ, ಎರಡು ಪಂಪು ಇಡಿ ಎಂದು ಅಂಗಡಿಯವರು ಹಿಂದೆಯೇ ಅಂದಿದ್ದರಂತೆ. ಕೊನೆಗೆ, "ಹೊಡದಾಂವ ನಾ," ಎಂದಷ್ಟೇ ಹೇಳಿ ಎದ್ದು ತೋಟಕ್ಕೆ ಹೋದರು.

ತಾತ್ಯಾ ಕಟ್ಟೆಯ ಮೇಲೆ ಕೂತು ಚಹಾ ಕೇಳಿದರು. "ನನ್ನ ಮನ್ಯಾಗೂ ಪಂಪ್ ಒಂದಽ ಐತೆವ್ವಾ. ನನಗ ದ್ರಾಕ್ಷಿ ಇಲ್ಲಂತ ಉಳದೀನಿ, ಶಾಣ್ಯಾ ಅಂತಲ್ಲ," ಎಂದರು. ಬಾವಿಯ ನೀರು ಉಳಿಯಿತು. ಆ ದಿನ ಎಣಿಸಿಕೊಳ್ಳಲು ಸಿಕ್ಕ ಪುಣ್ಯ ಅದೊಂದೇ.

ಮರುದಿನ ಬೆಳಿಗ್ಗೆ ತೋಟದಿಂದ ಕತ್ತರಿಯ ಸದ್ದು ಕೇಳುತ್ತಿತ್ತು. ಅಪ್ಪಾಸಾಹೇಬರು ಹೂಗೊಂಚಲ ಸಮೇತ ಬಳ್ಳಿ ಕತ್ತರಿಸುತ್ತಿದ್ದರು. ಹೆಂಡತಿಗೆ ಒಂದು ಮಾತು ಬೈದಿರಲಿಲ್ಲ, ಒಂದು ಮಾತು ಆಡಿಯೂ ಇರಲಿಲ್ಲ. ಬಸ್ಸಿನವರೆಗೆ ಬಂದ ಸುಮಿತ್ರಾ ನನ್ನ ಕೈ ಹಿಡಿದು, "ಮಾಯಕ್ಕಗ ಹೇಳ ಅಕ್ಕಾ. ನಾ ಸ್ವಚ್ಛ ತೊಳದಿದ್ನಿ ಅಂತ ಹೇಳ," ಎಂದಳು.

ಬರುವಾಗ ಕೃಷ್ಣೆಯ ಸೇತುವೆಯ ಮೇಲಿನಿಂದ ಕೆಳಗೆ ನೋಡಿದೆ. ಎರಡೂ ದಂಡೆಯ ಕಬ್ಬಿನ ಗದ್ದೆಗಳಿಂದ ಕಾಲುವೆಗಳು ಹೊಳೆಗೆ ಇಳಿಯುತ್ತಿದ್ದವು. ಸುಮಿತ್ರಾಳ ಒಗೆಯುವ ಕಲ್ಲಿನ ನೀರೂ ದಾಸವಾಳ ದಾಟಿ ಹಳ್ಳಕ್ಕೆ, ಹಳ್ಳದಿಂದ ಇಲ್ಲಿಗೇ ಬರುತ್ತದೆ. ಎಷ್ಟು ಮನೆಗಳ ಹಿತ್ತಲಿನಲ್ಲಿ ಎಷ್ಟು ಹೆಂಗಸರು ಹೀಗೆ ಪಂಪು ತೊಳೆಯುತ್ತಾರೋ. ಈ ಸಲ ನಾಣ್ಯ ಹಾಕಲು ಕೈ ಏಳಲಿಲ್ಲ.

ಚಿಂಚಲಿಯಲ್ಲಿ ಇಳಿದೆ. ಜಾತ್ರೆಯ ಕಾಲವಲ್ಲವಾದ್ದರಿಂದ ಗುಡಿಯಲ್ಲಿ ಜನ ಕಡಿಮೆ. ಹಣೆಗೆ ಭಂಡಾರ ಹಚ್ಚಿಕೊಂಡು, ಬರಿಗೈ ಮುಗಿದು, ತಂಗಿ ಸ್ವಚ್ಛ ತೊಳೆದಿದ್ದಳು ತಾಯಿ ಎಂದು ಅವಳ ಮಾತು ಒಪ್ಪಿಸಿದೆ. ಪೂಜಾರಿ ತೀರ್ಥ ಕೊಟ್ಟರು. ಎಲ್ಲಿಯ ನೀರು ಎಂದು ನಾನು ಯಾವತ್ತೂ ಕೇಳಿದವಳಲ್ಲ, ಅಂದು ಕೇಳಿದೆ.

"ಕೃಷ್ಣೀದಽ ಅಲ್ರಿ ಮತ್ತ," ಎಂದರು ಅವರು.

ಅಂಗೈಯಲ್ಲಿ ನೀರು ಅಗದಿ ತಿಳಿಯಾಗಿತ್ತು, ಕೈಯ ಗೆರೆಗಳೆಲ್ಲ ಕಾಣುತ್ತಿದ್ದವು. ಕಣ್ಣಿಗೊತ್ತಿಕೊಂಡು ಕುಡಿದೆ. ಮೊಮ್ಮಗಳಿಗೆಂದು ತಂದ ತಂಬಿಗೆಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.