ದಾಸವಾಳಕ್ಕೆ ತಿಂಗಳ ಚಂದಾ

ಇವತ್ತು ಬೆಳಿಗ್ಗೆ ಶಂಕರಪುರಂನ ನಮ್ಮ ಆಫೀಸಿನ ಗೇಟಿನ ಹೊರಗೆ ಹಿರಿಯರೊಬ್ಬರು ಕೋಲು ಹಿಡಿದು, ಕಾಂಪೌಂಡಿನೊಳಗಿನ ದಾಸವಾಳ ಕೀಳುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ಏನ್ರೀ, ಗಿಡಕ್ಕೆ ಸರಿಯಾಗಿ ನೀರು ಹಾಕ್ತಿಲ್ವಾ? ಹೂ ಚಿಕ್ಕದಾಗ್ಬಿಟ್ಟಿದೆ" ಎಂದು ದಬಾಯಿಸಿದರು.

ನನಗಿದು ಹೊಸದಲ್ಲ ಸ್ನೇಹಿತರೇ. ನಮ್ಮದು ಓಪನ್ ಸೋರ್ಸ್ ಕಂಪನಿ. ಪ್ರೋಗ್ರಾಮರ್‌ಗಳಿಗೆ ಬೇಕಾದ ಸಾಫ್ಟ್‌ವೇರನ್ನು ಕೋಡ್ ಸಮೇತ ಪುಕ್ಕಟೆ ಕೊಡುತ್ತೇವೆ. ಹೆಚ್ಚಿನ ಸೇವೆ ಬೇಕಾದವರು ದುಡ್ಡು ಕೊಡಬೇಕು ಎಂಬುದು ವ್ಯಾಪಾರದ ಲೆಕ್ಕಾಚಾರ. ಬಳಸುವವರು ಬೇಕಾದಷ್ಟಿದ್ದಾರೆ, ಬೈಯುವವರೂ ಅವರೇ. ದುಡ್ಡು ಕೊಟ್ಟವರು ಈವರೆಗೆ ಒಬ್ಬರೂ ಇಲ್ಲ.

ನನ್ನ ಪಾಲುದಾರಳು ಸುಮಾ ಹೊರಬಂದು ತಮಾಷೆಗೆ, "ಸಾರ್, ತಿಂಗಳಿಗಿಷ್ಟು ಅಂತ ಕೊಡಿ, ನಿಮಗೇ ಅಂತ ಎತ್ತಿಡ್ತೀವಿ" ಎಂದಳು.

"ಸುಮ್ನೆ ಸಿಗೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನಮ್ಮಾ?" ಎಂದು ಹೊರಟವರು, ನಾಲ್ಕು ಹೆಜ್ಜೆ ನಡೆದು ವಾಪಸ್ ಬಂದರು.

"ವಾಕಿಂಗ್‌ನೋರು ನನಗಿಂತ ಮುಂಚೆ ಬಂದು ಗಿಡಾನೇ ಬೋಳಿಸ್ಬಿಡ್ತಾರೆ. ಶುಕ್ರವಾರ ಪೂಜೆಗೆ ಹನ್ನೊಂದು ಹೂ ಗ್ಯಾರಂಟಿ ಸಿಗ್ಬೇಕು. ತಿಂಗಳಿಗೆ ಎಷ್ಟು ಹೇಳಿ."

ಕಂಪನಿಗೆ ಕೊನೆಗೂ ಮೊದಲ ಗಿರಾಕಿ ಸಿಕ್ಕಿದ್ದಾರೆ. ಗಿಡ ನೆಟ್ಟು ಬೆಳೆಸಿದ್ದು ಮಾತ್ರ ನಮ್ಮ ಆಫೀಸಿರುವ ಬಾಡಿಗೆ ಮನೆಯ ಓನರಮ್ಮ. ಅವರಿಗೆ ನಾವಿನ್ನೂ ವಿಷಯ ಹೇಳಿಲ್ಲ.